ಅಕೌಂಟಲ್ಲಿ ಉಳ್ಕೊಂಡಿರೋ ಚಿಲ್ಲರೆ ಮೈಲ್ಸ್‌ನ ಕರಗಿ ಹೋಗೋ ಮುಂಚೆ ಬಳಸ್ಕೊಳ್ಳೋದು ಹೇಗೆ

ಮೈಲ್ಸ್ ಅಂದ್ರೆ ತಮ್ಮ ಫ್ಲೈಟಲ್ಲಿ ಓಡಾಡೋರಿಗೆ ಏರ್‌ಲೈನ್‌ನವ್ರು ಕೊಡೋ ಪಾಯಿಂಟ್ಸ್, ಸಾಕಷ್ಟು ಸೇರಿದ್ರೆ ಅದನ್ನ ಕೊಟ್ಟು ಟಿಕೆಟ್ ತಗೋಬೋದು. ಫ್ಲೈಟಲ್ಲಿ ಆಗಾಗ ಓಡಾಡೋ ಯಾರನ್ನ ಕೇಳಿದ್ರೂ ಒಂದೇ ಮಾತು ಬರತ್ತೆ, "ಏನೋ ಒಂದಿಷ್ಟು ಮೈಲ್ಸ್ ಇರ್ಬೇಕು, ಸರಿಯಾಗಿ ನೋಡಿಲ್ಲ." ಆ ನೋಡದೇ ಇರೋದ್ರಲ್ಲೇ ಎಲ್ಲಾ ಹೋಗೋದು. ನಂದು 14,000 ಮೈಲ್ಸ್ ಹಂಗೇ ಹೋಯ್ತು, ಇನ್ನೂ ಸ್ವಲ್ಪ ಸೇರ್ಲಿ ಬಿಸಿನೆಸ್ ಕ್ಲಾಸ್ ಟಿಕೆಟ್ ತಗೊಳ್ಳೋಣ ಅಂತ ಕಾದೆ, ಕಾದೆ, ಒಂದಿನ ಲಾಗಿನ್ ಆಗಿ ನೋಡಿದ್ರೆ ಸೊನ್ನೆ. ಅವ್ರು ಕಳಿಸಿದ್ದ ಎಚ್ಚರಿಕೆ ಮೇಲ್ ಪ್ರಮೋಷನ್ ಫೋಲ್ಡರಲ್ಲಿ ಬಿದ್ದಿತ್ತು. ಆಮೇಲೆ ಫೋನ್ ಮಾಡಿ ಎಷ್ಟು ಕೇಳ್ಕೊಂಡ್ರೂ ಆ ಏರ್‌ಲೈನ್‌ನವ್ರು ವಾಪಸ್ ಕೊಡ್ಲಿಲ್ಲ. ಅವತ್ತಿಂದ ನಾನು ಮನೇಲಿ ಎಲ್ಲರ ಮೈಲ್ಸ್ ಲೆಕ್ಕನೂ ನೋಡ್ತೀನಿ, ಅಕ್ಕಂದು, ಭಾವಂದು, ಅಪ್ಪಂದು, ಎಲ್ಲಾ. ಹಂಗೆ ನೋಡ್ತಾ ಕಲ್ತಿದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಮೈಲ್ಸ್ ಬ್ಯಾಂಕಲ್ಲಿಟ್ಟ ದುಡ್ಡಲ್ಲ, ಬಡ್ಡಿ ಬರಲ್ಲ, ಇಟ್ಟಷ್ಟೂ ಬೆಲೆ ಕಮ್ಮಿ ಆಗತ್ತೆ. ಇದು ತರಕಾರಿ ಇದ್ದಂಗೆ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಅನ್ನೋ ಮೈಲ್ಸ್ ಯೋಜನೆ ಶುರು ಮಾಡಿದಾಗಿಂದ ಈ ಪದ್ಧತಿ ನಡ್ಕೊಂಡು ಬಂದಿದೆ, ಆದ್ರೆ ಆಗಿನ ಥರ "ಇಷ್ಟು ಮೈಲ್ಸ್ ಕೊಟ್ರೆ ಇಲ್ಲಿಗೆ ಟಿಕೆಟ್" ಅನ್ನೋ ಸ್ಥಿರವಾದ ಪಟ್ಟಿ ಈಗ ತುಂಬಾ ಕಡೆ ಇಲ್ಲ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್ 2015ರಲ್ಲಿ ಆ ಪಟ್ಟಿನೇ ತೆಗೆದುಹಾಕ್ತು, ಅಲ್ಲಿನದೇ ಯುನೈಟೆಡ್ ಏರ್‌ಲೈನ್ಸ್ 2019ರಲ್ಲಿ ತೆಗೀತು. ಈಗ ಟಿಕೆಟ್ ದುಡ್ಡಿನ ರೇಟು ಏರಿದ್ರೆ ಮೈಲ್ಸ್ ರೇಟೂ ಏರತ್ತೆ, ಇವತ್ತು 12,000 ಇದ್ದಿದ್ದು ಮುಂದಿನ ವರ್ಷ 17,000 ಆದ್ರೆ ಯಾರನ್ನೂ ಕೇಳೋ ಹಂಗಿಲ್ಲ, ನಿಯಮದಲ್ಲೇ ಅವರಿಷ್ಟ ಅಂತ ಬರ್ಕೊಂಡಿರ್ತಾರೆ. ಇನ್ನೂ ಕೆಟ್ಟದ್ದು ಅಂದ್ರೆ ಕಂಪನಿಯೇ ಮುಳುಗೋದು. 2017ರ ಆಗಸ್ಟಲ್ಲಿ ಜರ್ಮನಿಯ ಏರ್ ಬರ್ಲಿನ್ ದಿವಾಳಿ ಅರ್ಜಿ ಹಾಕಿದಾಗ ಅದರ ಟಾಪ್‌ಬೋನಸ್ ಮೈಲ್ಸ್ ಬಳಸೋದು ನಿಂತೇ ಹೋಯ್ತು, ವರ್ಷಗಟ್ಲೆ ಕೂಡಿಟ್ಟವರು ನೋಡ್ತಾ ಕೂತ್ರು. ಅದಕ್ಕೇ ದೊಡ್ಡ ಕನಸಿಗೆ ಕಾಯೋದಕ್ಕಿಂತ ಇರೋದನ್ನ ಒಂದು ಉಪಯೋಗಕ್ಕೆ ಹಾಕೋದು ವಾಸಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲನೇ ಹೆಜ್ಜೆ: ಎಲ್ಲೆಲ್ಲಿ ಎಷ್ಟಿದೆ ಅಂತ ಹುಡುಕಿ

ಇದಕ್ಕೆ ಒಂದು ಗಂಟೆ ಬಿಡುವು ಮಾಡ್ಕೊಳಿ. ನಿಮ್ಮ ಎಲ್ಲಾ ಮೇಲ್ ಐಡಿಗಳಲ್ಲೂ, ಹಳೇ ಆಫೀಸ್ ಬಿಟ್ಟು ಬೇರೆ ಎಲ್ಲದ್ರಲ್ಲೂ ಅನ್ನಿ, ಯಾಕಂದ್ರೆ ಹಳೇ ಆಫೀಸ್ ಮೇಲ್ ಈಗ ತೆಗೆಯೋಕೆ ಆಗಲ್ಲ, ಅದರ ಕಥೆ ಆಮೇಲೆ ಹೇಳ್ತೀನಿ, "ಮೈಲ್ಸ್", "ಮೆಂಬರ್‌ಶಿಪ್ ನಂಬರ್", "ಸ್ಟೇಟ್‌ಮೆಂಟ್", "ವೆಲ್‌ಕಮ್" ಅನ್ನೋ ಇಂಗ್ಲಿಷ್ ಪದಗಳನ್ನ ಒಂದೊಂದಾಗಿ ಹಾಕಿ ಹುಡುಕಿ. ಸ್ಪ್ಯಾಮ್ ಮತ್ತೆ ಪ್ರಮೋಷನ್ ಫೋಲ್ಡರ್ ಬಿಡ್ಬೇಡಿ. ಹಳೇ ಬೋರ್ಡಿಂಗ್ ಪಾಸ್ ಇದ್ರೆ ಅದರ ಮೇಲೆ ಹೆಸರಿನ ಹತ್ರ ಮೆಂಬರ್ ನಂಬರ್ ಅಚ್ಚಾಗಿರತ್ತೆ, ಅದೂ ಒಂದು ದಾರಿ.

ಅಕ್ಕನ ಮನೇಲಿ ನಾವಿಬ್ರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದು ಚೆನ್ನಾಗಿ ನೆನಪಿದೆ. "ನಂದೇನಿಲ್ಲ ಕಣೋ, ಎರಡು ಸಲ ಹೋಗಿದ್ದಷ್ಟೇ" ಅಂತಿದ್ಲು. ಹುಡುಕಿದ್ರೆ ಮೂರು ಅಕೌಂಟ್! ಒಂದ್ರಲ್ಲಿ 11,340, ಇನ್ನೊಂದ್ರಲ್ಲಿ 2,100, ಮೂರನೇದು ಅದೇ ಏರ್‌ಲೈನ್‌ದೇ ಎರಡನೇ ಅಕೌಂಟ್, ಕೌಂಟರಲ್ಲಿ ಯಾರೋ ಹೊಸದಾಗಿ ಮಾಡ್ಕೊಟ್ಟಿದ್ರಂತೆ, ಅದರಲ್ಲಿ 1,800. ಒಂದೇ ಏರ್‌ಲೈನಲ್ಲಿ ಹಿಂಗೆ ಎರಡು ಅಕೌಂಟ್ ಇದ್ರೆ ಕಸ್ಟಮರ್ ಕೇರಿಗೆ ಬರೆದು ಎರಡನ್ನೂ ವಿಲೀನ ಮಾಡಿಸ್ಕೊಳಿ, ಸಾಮಾನ್ಯವಾಗಿ ದುಡ್ಡು ತಗೊಳಲ್ಲ, ಗುರುತಿನ ದಾಖಲೆ ಕೇಳ್ತಾರೆ ಅಷ್ಟೇ.

ಲಾಗಿನ್ ಆದ ತಕ್ಷಣ ಮೂರು ವಿಷಯ ಒಂದು ಕಡೆ ಬರ್ಕೊಳಿ: ಎಷ್ಟಿದೆ, ಯಾವತ್ತು ಮುಗಿಯತ್ತೆ, ಅಕೌಂಟಲ್ಲಿ ಹೆಸರು ಹೆಂಗಿದೆ. ಹೆಸರು ಯಾಕಂದ್ರೆ ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರು, ಅಕೌಂಟಲ್ಲಿ ಬರೀ ಇನಿಷಿಯಲ್ ಇದ್ರೆ ಮುಂದೆ ಟಿಕೆಟ್ ಮಾಡೋವಾಗಲೂ ತೊಂದರೆ, ಬಿಟ್ಟುಹೋದ ಮೈಲ್ಸ್ ಕೇಳೋವಾಗಲೂ ತೊಂದರೆ. ಅಕ್ಕಂದು ಹಂಗೇ ಇತ್ತು, ಸರಿ ಮಾಡ್ಸೋಕೆ ನಾಲ್ಕು ದಿನ ಹಿಡೀತು, ಅದೂ ಮುಗಿಯೋ ತಾರೀಖಿಗೆ 19 ದಿನ ಇರೋವಾಗ.

ಇಲ್ಲೇ ಒಂದು ಗೊಂದಲ ಬಿಡಿಸ್ತೀನಿ. ಪೇಜಲ್ಲಿ ಎರಡು ಸಂಖ್ಯೆ ಕಾಣ್ಬೋದು. ಒಂದು ಖರ್ಚು ಮಾಡೋ ಮೈಲ್ಸ್, ಇನ್ನೊಂದು ಸಿಲ್ವರ್ ಗೋಲ್ಡ್ ಅಂತ ಅಂತಸ್ತು ಕೊಡೋಕೆ ಎಣಿಸೋ ಪಾಯಿಂಟ್ಸ್, ಅದನ್ನ ಟಿಯರ್ ಪಾಯಿಂಟ್ಸ್ ಅಂತಾನೋ ಸ್ಟೇಟಸ್ ಪಾಯಿಂಟ್ಸ್ ಅಂತಾನೋ ಕರೀತಾರೆ. ಎರಡನೇದನ್ನ ಖರ್ಚು ಮಾಡೋಕೆ ಬರಲ್ಲ. ಅದನ್ನ ನೋಡಿ ಖುಷಿ ಪಡ್ಬೇಡಿ.

ಎರಡನೇ ಹೆಜ್ಜೆ: ಮುಗಿಯೋ ತಾರೀಖು ಯಾವ ಥರದ್ದು ಅಂತ ತಿಳ್ಕೊಳಿ

ಇದು ಎಲ್ಲಕ್ಕಿಂತ ಮುಖ್ಯ, ಇಲ್ಲಿ ತಪ್ಪಿದ್ರೆ ಮಿಕ್ಕಿದ್ದೆಲ್ಲಾ ನೀರಲ್ಲಿ ಹೋಮ. ಮೈಲ್ಸ್ ಮುಗಿಯೋದ್ರಲ್ಲಿ ಮೂರು ಥರ ಇದೆ.

ಕೆಲವು ಕಡೆ ಮುಗಿಯೋದೇ ಇಲ್ಲ. ಡೆಲ್ಟಾ, ಯುನೈಟೆಡ್, ಜೆಟ್‌ಬ್ಲೂ, ಸೌತ್‌ವೆಸ್ಟ್ ಈ ಗುಂಪು. ಇವು ನಿಮ್ಮ ಹತ್ರ ಇದ್ರೆ ಗಾಬರಿ ಬೇಡ, ಬೇರೆದನ್ನ ಮೊದಲು ನೋಡಿ.

ಕೆಲವು ಕಡೆ ಅಕೌಂಟ್ ಸುಮ್ನೆ ಬಿದ್ದಿದ್ರೆ ಮಾತ್ರ ಮುಗಿಯತ್ತೆ, ಆಗಾಗ ಏನಾದ್ರೂ ವ್ಯವಹಾರ ನಡೀತಿದ್ರೆ ಎಲ್ಲಾ ಮೈಲ್ಸೂ ಒಟ್ಟಿಗೆ ಮುಂದಕ್ಕೆ ಹೋಗತ್ತೆ. ಅಮೆರಿಕನ್ ಏರ್‌ಲೈನ್ಸ್‌ಗೆ 24 ತಿಂಗಳು, ಬ್ರಿಟಿಷ್ ಏರ್‌ವೇಸಿನ ಏವಿಯೋಸ್ (ಅವ್ರ ಮೈಲ್ಸಿಗೆ ಇಟ್ಟಿರೋ ಹೆಸರು) ಅನ್ನೋದಕ್ಕೆ 36 ತಿಂಗಳು, ಕ್ವಾಂಟಾಸ್‌ಗೆ 18 ತಿಂಗಳು, ಏರ್ ಕೆನಡಾದ ಏರೋಪ್ಲಾನ್‌ಗೆ 18 ತಿಂಗಳು, ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್‌ಗೂ 18 ತಿಂಗಳು.

ಮೂರನೇದು ಕಟ್ಟುನಿಟ್ಟಿನದ್ದು, ನೀವು ಎಷ್ಟೇ ಓಡಾಡ್ತಿರಿ, ಸಿಕ್ಕಿದ ದಿನದಿಂದ ಲೆಕ್ಕ ಹಾಕಿ ಆ ಮೈಲ್ಸ್ ಹೋಗೇ ಹೋಗತ್ತೆ. ಸಿಂಗಾಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್, ಜಪಾನಿನ ಆನಾ ಮತ್ತೆ ಜಪಾನ್ ಏರ್‌ಲೈನ್ಸ್ ಎಲ್ಲಾ 36 ತಿಂಗಳು. ಎಮಿರೇಟ್ಸ್ ಸ್ಕೈವರ್ಡ್ಸ್ ಸ್ವಲ್ಪ ಬೇರೆ, ಮೂರು ವರ್ಷ ಕಳೆದ ಮೇಲೆ ನಿಮ್ಮ ಹುಟ್ಟಿದ ತಿಂಗಳ ಕೊನೇಲಿ ಹೋಗತ್ತೆ. ಈ ಗುಂಪಲ್ಲಿ ಮೈಲ್ಸ್ ಕಂತು ಕಂತಲ್ಲಿ ಹೋಗ್ತಿರತ್ತೆ, ಈ ತಿಂಗಳು 800, ಇನ್ನೆರಡು ತಿಂಗಳಿಗೆ 3,000, ಹಿಂಗೆ, ಅದಕ್ಕೇ ಒಟ್ಟು ಎಷ್ಟಿದೆ ಅಂತ ನೋಡಿದ್ರೆ ಸಾಲದು, ಯಾವ ಕಂತು ಯಾವಾಗ ಅಂತ ಪಟ್ಟಿ ತೆಗೆದು ನೋಡ್ಬೇಕು. ಕ್ರಿಸ್‌ಫ್ಲೈಯರಲ್ಲಿ ಸಣ್ಣ ಶುಲ್ಕ ಕೊಟ್ಟು 6 ತಿಂಗಳು ಮುಂದಕ್ಕೆ ಹಾಕೋ ಅವಕಾಶ ಇದೆ, ಆದ್ರೆ ಮುಗಿಯೋ ಮುಂಚೆನೇ ಕೇಳ್ಬೇಕು.

ನಿಯಮ ಬದಲಾಗ್ತಾ ಇರತ್ತೆ, ಹಾಗಾಗಿ ನಾನು ಬರೆದಿದ್ದು ದಿಕ್ಕು ತೋರ್ಸೋಕೆ, ತಾರೀಖು ಮಾತ್ರ ನಿಮ್ಮ ಅಕೌಂಟಲ್ಲೇ ನೋಡಿ, ನೋಡಿದ ಕೂಡ್ಲೇ ಫೋನ್ ಕ್ಯಾಲೆಂಡರಲ್ಲಿ ಅದಕ್ಕೆ ಮೂರು ತಿಂಗಳ ಹಿಂದಿನ ದಿನಕ್ಕೆ ಒಂದು ಅಲಾರಂ ಹಾಕಿ. ಒಂದು ವಾರ ಮುಂಚೆ ಹಾಕಿದ್ರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಏನೂ ಮಾಡೋಕಾಗಲ್ಲ.

ಮೂರನೇ ಹೆಜ್ಜೆ: ಅಕೌಂಟ್‌ನ ಜೀವಂತ ಇಡಿ

ನಿಮ್ಮದು ಎರಡನೇ ಗುಂಪಿನ ಅಕೌಂಟ್ ಆಗಿದ್ರೆ ಒಂದು ಸಣ್ಣ ವ್ಯವಹಾರ ಸಾಕು, ಎಲ್ಲಾ ಮೈಲ್ಸೂ ಮತ್ತೆ ಪೂರ್ತಿ ಅವಧಿಗೆ ಜೀವ ಪಡ್ಕೊಳತ್ತೆ. ಫ್ಲೈಟ್ ಹತ್ಬೇಕು ಅಂತ ಏನಿಲ್ಲ. ಏರ್‌ಲೈನಿನ ಶಾಪಿಂಗ್ ಪೋರ್ಟಲ್, ಅಂದ್ರೆ ಅದರ ಮೂಲಕ ಅಂಗಡಿಗಳಲ್ಲಿ ವಸ್ತು ಕೊಂಡ್ರೆ ಮೈಲ್ಸ್ ಕೊಡೋ ವೆಬ್‌ಸೈಟ್, ಇದ್ರೆ ಅದರ ಮೂಲಕ ಹೋಗಿ ನೀವು ಹೆಂಗಿದ್ರೂ ತಗೋಬೇಕಿದ್ದ ಒಂದು ವಸ್ತು ತಗೊಳಿ, ಅಥ್ವಾ ಹೋಟೆಲ್ ಬುಕ್ ಮಾಡೋವಾಗ ಪಾಯಿಂಟ್ಸ್ ಬದ್ಲು ಮೈಲ್ಸ್ ಕೊಡಿ ಅಂತ ಆಯ್ಕೆ ಮಾಡಿ, ಅಥ್ವಾ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್‌ನ ಅವ್ರು ಬಿಡೋ ಕನಿಷ್ಠ ಮೊತ್ತ ಎಷ್ಟಿದೆಯೋ ಅಷ್ಟು ಮಾತ್ರ ಕಳಿಸಿ. ಹತ್ತು ಮೈಲ್ಸ್ ಸೇರಿದ್ರೂ ವ್ಯವಹಾರವೇ.

ಹುಷಾರಾಗಿರ್ಬೇಕಾದ್ದು ಒಂದೇ, ಪೋರ್ಟಲಲ್ಲಿ ಇವತ್ತು ತಗೊಂಡ್ರೆ ಮೈಲ್ಸ್ ಇವತ್ತೇ ಬೀಳಲ್ಲ. ವಸ್ತು ವಾಪಸ್ ಮಾಡೋ ಅವಧಿ ಕಳೀಬೇಕು, ಅಂಗಡಿಯವ್ರು ಒಪ್ಬೇಕು, ಹಂಗೆಲ್ಲಾ ಆಗಿ ಆರು ಎಂಟು ವಾರ ಹಿಡೀಬೋದು. ಮೂರು ತಿಂಗಳು ಮುಂಚೆ ಅಲಾರಂ ಹಾಕಿ ಅಂದಿದ್ದು ಇದಕ್ಕೇ.

ಇದೇ ಸಮಯಕ್ಕೆ ಇನ್ನೊಂದು ಕೆಲಸ ಮುಗಿಸಿ. ಕಳೆದ ಕೆಲವು ತಿಂಗಳಲ್ಲಿ ಹೋಗಿಬಂದ ಯಾವುದಾದ್ರೂ ಪ್ರಯಾಣದ ಮೈಲ್ಸ್ ಬಿದ್ದೇ ಇಲ್ವಾ ನೋಡಿ. ಬಿಟ್ಟುಹೋದ ಮೈಲ್ಸ್ ಕೇಳೋಕೆ ಎಲ್ಲಾ ಕಡೆ ಒಂದು ಫಾರ್ಮ್ ಇರತ್ತೆ, ಟಿಕೆಟ್ ನಂಬರ್ ಮತ್ತೆ ಬೋರ್ಡಿಂಗ್ ಪಾಸ್ ಫೋಟೋ ಬೇಕು, ಅವಧಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಹಂಗೆ ಕೇಳಿ ಪಡೆದ ಮೈಲ್ಸೂ ವ್ಯವಹಾರ ಅಂತಲೇ ಲೆಕ್ಕ.

ನಾಲ್ಕನೇ ಹೆಜ್ಜೆ: ಚದುರಿಹೋಗಿರೋದನ್ನ ಒಂದು ಕಡೆ ಸೇರ್ಸೋಕಾಗತ್ತಾ ನೋಡಿ

ಹನಿ ಹನಿ ಕೂಡಿದ್ರೆ ಹಳ್ಳ ಅಂತಾರಲ್ಲ, ಆದ್ರೆ ಇಲ್ಲಿ ಹನಿ ಬೇರೆ ಬೇರೆ ಕೊಡದಲ್ಲಿ ಇರತ್ತೆ, ಒಂದು ಏರ್‌ಲೈನಿನ ಮೈಲ್ಸ್‌ನ ಇನ್ನೊಂದಕ್ಕೆ ಸುರಿಯೋಕೆ ಸಾಮಾನ್ಯವಾಗಿ ಆಗಲ್ಲ, ಅವೆರಡೂ ಏರ್‌ಲೈನ್‌ಗಳು ಸೇರಿ ಮಾಡ್ಕೊಂಡಿರೋ ಒಂದೇ ಒಕ್ಕೂಟದಲ್ಲಿದ್ರೂ ಆಗಲ್ಲ. ಇದಕ್ಕೆ ದೊಡ್ಡ ಅಪವಾದ ಏವಿಯೋಸ್. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್, ಕತಾರ್ ಏರ್‌ವೇಸ್, ಮತ್ತೆ 2024ರ ಮಾರ್ಚಿಂದ ಫಿನ್‌ಏರ್ ಕೂಡ, ಎಲ್ಲಾ ಇದೇ ಏವಿಯೋಸ್ ಬಳಸ್ತಾರೆ, ಅಕೌಂಟ್‌ಗಳನ್ನ ಲಿಂಕ್ ಮಾಡಿದ್ರೆ ಒಂದಕ್ಕೊಂದು ಸಮ ಲೆಕ್ಕದಲ್ಲಿ ಆಚೆ ಈಚೆ ಕಳಿಸ್ಬೋದು, ಶುಲ್ಕ ಇಲ್ಲ. ಒಂದ್ರಲ್ಲಿ 4,000, ಇನ್ನೊಂದ್ರಲ್ಲಿ 3,500 ಅಂತ ಬಿದ್ದಿರೋರಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ. ಲಿಂಕ್ ಆಗ್ಬೇಕಾದ್ರೆ ಎರಡೂ ಕಡೆ ಹೆಸರು, ಮೇಲ್ ಐಡಿ, ಹುಟ್ಟಿದ ತಾರೀಖು ಒಂದೇ ಇರ್ಬೇಕು, ನೋಡಿ ಮತ್ತೆ ಹೆಸರೇ ಬಂತು.

ಮನೆಯವರ ಮೈಲ್ಸ್ ಒಟ್ಟಿಗೆ ಸೇರ್ಸೋದು ಇನ್ನೊಂದು ದಾರಿ. ಬ್ರಿಟಿಷ್ ಏರ್‌ವೇಸ್, ಕತಾರ್, ಎಮಿರೇಟ್ಸ್, ಜೆಟ್‌ಬ್ಲೂ ಇವೆಲ್ಲಾ ಕಡೆ ಕುಟುಂಬದ ಅಕೌಂಟ್ ಅಥ್ವಾ ಪೂಲಿಂಗ್ ಅನ್ನೋ ಸೌಲಭ್ಯ ಇದೆ, ಯುನೈಟೆಡ್ 2024ರ ಮಾರ್ಚಲ್ಲಿ ಐದು ಜನರ ತನಕ ಸೇರ್ಕೊಳ್ಳೋ ಹಂಗೆ ಮಾಡ್ತು. ಇದು ಉಚಿತ. ಆದ್ರೆ "ಟ್ರಾನ್ಸ್‌ಫರ್ ಮೈಲ್ಸ್" ಅನ್ನೋ ಬಟನ್ ಬೇರೆ, ಅಲ್ಲಿ ಸಾವಿರಕ್ಕಿಷ್ಟು ಅಂತ ದುಡ್ಡು ಕೀಳ್ತಾರೆ, ಎಷ್ಟೋ ಸಲ ಆ ಶುಲ್ಕ ಮೈಲ್ಸಿನ ಬೆಲೆಗೇ ಸಮ ಆಗಿಬಿಡತ್ತೆ. ಅದನ್ನ ಒತ್ತೋ ಮುಂಚೆ ಒಂದು ವಿಷಯ ಗೊತ್ತಿರ್ಲಿ: ತುಂಬಾ ಏರ್‌ಲೈನ್‌ಗಳಲ್ಲಿ ನಿಮ್ಮ ಮೈಲ್ಸಲ್ಲಿ ಬೇರೆಯವರ ಹೆಸರಿಗೆ ಟಿಕೆಟ್ ಮಾಡ್ಬೋದು. ಅಂದ್ರೆ ಅಮ್ಮನ ಪ್ರಯಾಣಕ್ಕೆ ಹೋಗೋ ಟಿಕೆಟ್ ನಿಮ್ಮ ಅಕೌಂಟಿಂದ, ಬರೋ ಟಿಕೆಟ್ ತಮ್ಮನ ಅಕೌಂಟಿಂದ, ಎರಡು ಬೇರೆ ಒನ್‌ವೇ. ಸೇರ್ಸೋ ಗೋಜೇ ಬೇಡ. ಜಪಾನಿನ ಎರಡು ಏರ್‌ಲೈನ್‌ಗಳಂಥ ಕೆಲವು ಕಡೆ ಮಾತ್ರ ಹತ್ತಿರದ ಸಂಬಂಧಿಕರಿಗಷ್ಟೇ ಅಂತ ಕಟ್ಟುಪಾಡಿದೆ, ಅಲ್ಲಿ ಮುಂಚೆನೇ ಹೆಸರು ನೋಂದಾಯಿಸ್ಬೇಕು.

ಸ್ವಲ್ಪವೇ ಕಮ್ಮಿ ಬಿದ್ರೆ ಹೋಟೆಲ್ ಪಾಯಿಂಟ್ಸೂ ಕೈ ಹಿಡಿಯತ್ತೆ. ಮ್ಯಾರಿಯಟ್ ಹೋಟೆಲ್‌ಗಳ ಬಾನ್‌ವಾಯ್ ಪಾಯಿಂಟ್ಸ್ ಹೆಚ್ಚಿನ ಏರ್‌ಲೈನ್‌ಗಳಿಗೆ ಮೂರಕ್ಕೆ ಒಂದರಂತೆ ಹೋಗತ್ತೆ, 3,000 ಕಳಿಸಿದ್ರೆ 1,000 ಮೈಲ್ಸ್. ದರ ಏನೂ ಚೆನ್ನಾಗಿಲ್ಲ, ಆದ್ರೆ 700 ಮೈಲ್ಸ್ ಕಮ್ಮಿ ಇದ್ದು ಟಿಕೆಟ್ ತಪ್ಪೋ ಹಂಗಿದ್ರೆ ಖಂಡಿತ ಮಾಡಿ.

ಐದನೇ ಹೆಜ್ಜೆ: ಒಂದು ಮೈಲಿಗೆ ಎಷ್ಟು ಸಿಗ್ತಿದೆ ಅಂತ ಲೆಕ್ಕ ಹಾಕಿ

ಲೆಕ್ಕ ಸುಲಭ. ಅದೇ ದಿನ ಅದೇ ಫ್ಲೈಟಿಗೆ ದುಡ್ಡು ಕೊಟ್ರೆ ಎಷ್ಟಾಗತ್ತೆ ನೋಡಿ, ಅದರಿಂದ ಮೈಲ್ಸ್ ಟಿಕೆಟಿಗೂ ಕೈಯಿಂದ ಕಟ್ಬೇಕಾದ ತೆರಿಗೆ ಶುಲ್ಕ ಕಳೀರಿ, ಉಳಿದಿದ್ದನ್ನ ಮೈಲ್ಸ್ ಸಂಖ್ಯೆಯಿಂದ ಭಾಗ್ಸಿ. ದುಡ್ಡಿನ ಟಿಕೆಟ್ 9,000, ಮೈಲ್ಸ್ ಟಿಕೆಟಿಗೆ 10,000 ಮೈಲ್ಸ್ ಜೊತೆ 1,500 ಕಟ್ಬೇಕು ಅಂದ್ರೆ, 7,500ನ 10,000ದಿಂದ ಭಾಗ್ಸಿದ್ರೆ ಮೈಲಿಗೆ 0.75. ಯಾವ ದೇಶದ ದುಡ್ಡಾದ್ರೂ ಲೆಕ್ಕ ಇದೇ. ಈಗ ಅದೇ ಅಕೌಂಟಿನ ಕ್ಯಾಟಲಾಗಲ್ಲಿ 2,000 ಬೆಲೆಯ ಹೆಡ್‌ಫೋನ್‌ಗೆ 10,000 ಮೈಲ್ಸ್ ಕೇಳ್ತಿದ್ರೆ ಮೈಲಿಗೆ 0.20. ಅರ್ಧಕ್ಕಿಂತ ಕಮ್ಮಿ. ಮಿಕ್ಸಿ, ಸೂಟ್‌ಕೇಸ್, ಗಿಫ್ಟ್ ಕಾರ್ಡ್, ಎಲ್ಲಾ ಸುಮಾರಾಗಿ ಇದೇ ಹಣೆಬರಹ, ಆಕರ್ಷಕವಾಗಿ ಫೋಟೋ ಹಾಕಿರ್ತಾರೆ ಅಷ್ಟೇ.

ಆದ್ರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ ಅಂತ ನನಗೆ ಅನ್ಸತ್ತೆ. ನಿಮಗೆ ಬೇಡದ ಊರಿಗೆ ಮೈಲಿಗೆ ತುಂಬಾ ಬೆಲೆ ಬರತ್ತೆ ಅಂತ ಹೋದ್ರೆ ಅದು ಉಳಿತಾಯ ಅಲ್ಲ, ಖರ್ಚು. ಹಾಗೇ ಇನ್ನು ಹತ್ತು ದಿನಕ್ಕೆ ಸೊನ್ನೆ ಆಗೋ 1,800 ಮೈಲ್ಸಿಗೆ ಒಂದು ಸಣ್ಣ ವಸ್ತುವೋ, ವೋಚರೋ ಸಿಕ್ಕಿದ್ರೆ ತಗೊಳಿ, ಅಲ್ಲಿ ಹೋಲಿಕೆ ಟಿಕೆಟ್ ಜೊತೆ ಅಲ್ಲ, ಸೊನ್ನೆ ಜೊತೆ.

ಆರನೇ ಹೆಜ್ಜೆ: ಎಲ್ಲಿ ಖರ್ಚು ಮಾಡೋದು

ಚಿಲ್ಲರೆ ಮೈಲ್ಸಿಗೆ ಅತಿ ಒಳ್ಳೆ ಜಾಗ ಅಂದ್ರೆ ಹತ್ತಿರದ ಊರಿಗೆ ಒನ್‌ವೇ ಟಿಕೆಟ್, ಅದೂ ದುಡ್ಡಿನ ರೇಟು ಆಕಾಶಕ್ಕೆ ಹೋಗಿರೋ ಹೊತ್ತಲ್ಲಿ. ಯಾರಿಗೋ ಹುಷಾರಿಲ್ಲ ನಾಳೆನೇ ಹೋಗ್ಬೇಕು ಅಂತ ಬಂದಾಗ ಟಿಕೆಟ್ ಮೂರು ಪಟ್ಟು ಆಗಿರತ್ತೆ, ಆಗ ಸ್ಥಿರ ದರ ಇಟ್ಟಿರೋ ಪ್ರೋಗ್ರಾಮಲ್ಲಿ ಸೀಟು ಒಂದು ತೆರೆದಿದ್ರೆ ಅದೇ ಹಳೇ ಮೈಲ್ಸ್ ಸಂಖ್ಯೆಗೆ ಸಿಗತ್ತೆ. ಹೋಗ್ತಾ ದುಡ್ಡಲ್ಲಿ, ಬರ್ತಾ ಮೈಲ್ಸಲ್ಲಿ ಮಾಡಿದ್ರೂ ಏನೂ ತಪ್ಪಿಲ್ಲ.

ಎರಡನೇ ಮಾತು, ನಿಮ್ಮ ಮೈಲ್ಸ್ ಯಾವ ಏರ್‌ಲೈನ್‌ದೋ ಅದರಲ್ಲೇ ಹೋಗ್ಬೇಕು ಅಂತಿಲ್ಲ. 1997ರಲ್ಲಿ ಶುರುವಾದ ಸ್ಟಾರ್ ಅಲೈಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್ ಅಂತ ಮೂರು ಒಕ್ಕೂಟ ಇದೆ, ಒಂದ್ರ ಮೈಲ್ಸಲ್ಲಿ ಅದೇ ಒಕ್ಕೂಟದ ಇನ್ನೊಂದ್ರ ಫ್ಲೈಟಲ್ಲಿ ಹೋಗ್ಬೋದು. ಎಲ್ಲೋ ದೂರದ ದೇಶದ ಏರ್‌ಲೈನಲ್ಲಿ ಒಂದೇ ಸಲ ಹೋಗಿ ಮೈಲ್ಸ್ ಬಿದ್ದಿದೆ, ಮತ್ತೆ ಅದರಲ್ಲಿ ಹೋಗೋ ಸಾಧ್ಯತೆನೇ ಇಲ್ಲ ಅಂತ ಕೈ ಚೆಲ್ಲಿರೋರು ಈ ದಾರಿ ನೋಡ್ಲೇಬೇಕು. ಪಾರ್ಟ್‌ನರ್ ಫ್ಲೈಟ್‌ಗಳು ವೆಬ್‌ಸೈಟಲ್ಲಿ ಕಾಣ್ದೇ ಇದ್ರೆ ಫೋನ್ ಮಾಡಿ ಕೇಳಿ, ಫೋನಲ್ಲಿ ಬುಕ್ ಮಾಡಿದ್ದಕ್ಕೆ ಶುಲ್ಕ ಹಾಕ್ತೀವಿ ಅಂದ್ರೆ "ನಿಮ್ಮ ಸೈಟಲ್ಲಿ ತೋರಿಸ್ತಿಲ್ಲ, ಅದಕ್ಕೇ ಫೋನ್ ಮಾಡಿದ್ದು" ಅಂತ ವಿನಯವಾಗಿ ಹೇಳಿ, ಎಷ್ಟೋ ಸಲ ಬಿಡ್ತಾರೆ.

ಮೈಲ್ಸ್ ಟಿಕೆಟ್ ಅಂದ್ರೆ ಪೂರ್ತಿ ಫ್ರೀ ಅಂತ ಅನ್ಕೊಂಡು ಕೊನೇ ಪೇಜಲ್ಲಿ ಬೆಚ್ಚಿಬೀಳೋದು ಎಲ್ಲರ ಅನುಭವ. ವಿಮಾನ ನಿಲ್ದಾಣದ ತೆರಿಗೆ ಹೇಗೂ ಕಟ್ಬೇಕು, ಅದರ ಜೊತೆ ಕೆಲವು ಏರ್‌ಲೈನ್‌ನವ್ರು ಇಂಧನದ ಹೆಸರಲ್ಲೋ ಇನ್ಯಾವ ಹೆಸರಲ್ಲೋ ತಮ್ಮದೇ ಸರ್‌ಚಾರ್ಜ್ ಸೇರಿಸ್ತಾರೆ, ಟಿಕೆಟ್ ವಿವರದಲ್ಲಿ ಅದು ವೈಕ್ಯೂ ಅಥ್ವಾ ವೈಆರ್ ಅನ್ನೋ ಅಕ್ಷರಗಳಲ್ಲಿ ಕಾಣತ್ತೆ. ಬ್ರಿಟಿಷ್ ಏರ್‌ವೇಸಿನ ದೂರದ ಫ್ಲೈಟ್‌ಗಳಲ್ಲಿ ಇದು ಜಾಸ್ತಿ, ಯುನೈಟೆಡ್ ಮೈಲ್ಸಲ್ಲಿ ಪಾರ್ಟ್‌ನರ್ ಟಿಕೆಟ್ ಮಾಡಿದ್ರೆ ಈ ಸರ್‌ಚಾರ್ಜ್ ಹಾಕಲ್ಲ. ಒಂದೇ ಊರಿಗೆ ಎರಡು ಏರ್‌ಲೈನ್ ಇದ್ರೆ ಎರಡರ ಕೊನೇ ಪೇಜ್ ತನಕ ಹೋಗಿ ನೋಡಿ.

ಸೀಟು ಸಿಗ್ತಿಲ್ಲ ಅಂದ್ರೆ ಮೂರು ಕೆಲಸ: ದಿನ ಆಚೀಚೆ ಮಾಡಿ, ಪಕ್ಕದ ಊರಿನ ನಿಲ್ದಾಣ ಹಾಕಿ, ಇಬ್ಬರು ಮೂವರು ಅಂತ ಹುಡುಕೋ ಬದ್ಲು ಒಬ್ಬರಿಗೆ ಅಂತ ಹುಡುಕಿ. ಮೈಲ್ಸ್ ಸೀಟುಗಳು ಸುಮಾರು 11 ತಿಂಗಳು ಮುಂಚೆ ತೆರೆಯೋಕೆ ಶುರುವಾಗತ್ತೆ, ಆಮೇಲೆ ಮಾರಾಟ ಆಗದ ಸೀಟುಗಳನ್ನ ಕೊನೇ ಎರಡು ವಾರದಲ್ಲಿ ಕೆಲವರು ಬಿಡ್ತಾರೆ, ಮಧ್ಯದ ತಿಂಗಳುಗಳೇ ಕಷ್ಟ.

ಅಪ್‌ಗ್ರೇಡ್‌ಗೆ ಬಳಸೋಣ ಅಂತ ಆಸೆ ಇದ್ರೆ ಒಂದು ಎಚ್ಚರಿಕೆ, ಕಮ್ಮಿ ರೇಟಿನ ಎಕಾನಮಿ ಟಿಕೆಟ್‌ಗಳಿಗೆ ಎಷ್ಟೋ ಕಡೆ ಅಪ್‌ಗ್ರೇಡ್ ಕೊಡೋದೇ ಇಲ್ಲ, ಟಿಕೆಟ್ ಮೇಲಿರೋ ಒಂದಕ್ಷರದ ದರ್ಜೆ ನೋಡಿ ನಿರ್ಧಾರ ಮಾಡ್ತಾರೆ. ಮೊದಲು ಕೇಳಿ, ಆಮೇಲೆ ಟಿಕೆಟ್ ತಗೊಳಿ. ಸಣ್ಣ ಮೊತ್ತಕ್ಕೆ ಸೀಟ್ ಆಯ್ಕೆ, ಜಾಸ್ತಿ ಲಗೇಜ್, ಇಂಥವೂ ಕೆಲವು ಕಡೆ ಇದೆ, ಪರವಾಗಿಲ್ಲ.

ಬುಕ್ ಮಾಡೋ ಮುಂಚೆ ಗೊತ್ತಿರ್ಬೇಕಾದ್ದು

ಮುಗಿಯೋ ತಾರೀಖಿನ ಒಳಗೆ ಪ್ರಯಾಣ ಮಾಡ್ಬೇಕು ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ಸಾಮಾನ್ಯವಾಗಿ ಹಂಗಲ್ಲ, ಟಿಕೆಟ್ ಆ ತಾರೀಖಿನ ಒಳಗೆ ಆದ್ರೆ ಸಾಕು, ಪ್ರಯಾಣ ಹತ್ತು ತಿಂಗಳು ಬಿಟ್ಟು ಇದ್ರೂ ನಡೆಯತ್ತೆ. ಇದೊಂದು ವಿಷಯ ನನಗೆ ಮೊದಲೇ ಗೊತ್ತಿದ್ರೆ ನನ್ನ 14,000 ಉಳೀತಿತ್ತು.

ಅದರ ಇನ್ನೊಂದು ಮುಖ ಕ್ಯಾನ್ಸಲ್. ಮೈಲ್ಸ್ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಮೈಲ್ಸ್ ವಾಪಸ್ ಬರತ್ತೆ, ಆದ್ರೆ ಅಷ್ಟೊತ್ತಿಗೆ ಅವುಗಳ ಅವಧಿ ಮುಗಿದಿದ್ರೆ ಬಂದ ಹಂಗೇ ಮಾಯ ಆಗ್ಬೋದು. ಕಟ್ಟುನಿಟ್ಟಿನ ತಾರೀಖು ಇರೋ ಪ್ರೋಗ್ರಾಮಲ್ಲಿ ಇದು ಜಾಸ್ತಿ. ಹಾಗಾಗಿ ಕೊನೇ ದಿನಗಳಲ್ಲಿ ಬುಕ್ ಮಾಡೋದಾದ್ರೆ ಖಂಡಿತ ಹೋಗೋ ಪ್ರಯಾಣಕ್ಕೇ ಮಾಡಿ, ತಾರೀಖು ಬದಲಾಯಿಸೋಕೆ ಬಿಡ್ತಾರಾ ಅಂತ ಮುಂಚೆನೇ ಓದ್ಕೊಳಿ. ಹೋಗೋಕಾಗ್ತಿಲ್ಲ ಅಂತ ಗೊತ್ತಾದ್ರೆ ಫ್ಲೈಟ್ ಹೊರಡೋ ಮುಂಚೆನೇ ಕ್ಯಾನ್ಸಲ್ ಮಾಡಿ, ಸುಮ್ನೆ ಹೋಗದೇ ಇದ್ರೆ ತೆರಿಗೆ ದುಡ್ಡು ಬಿಡಿ, ಮೈಲ್ಸೂ ಹೋಗೋ ಸಾಧ್ಯತೆ ಇರತ್ತೆ.

ಸ್ವಲ್ಪ ಕಮ್ಮಿ ಇದೆ ಅಂತ ಮೈಲ್ಸ್ ಕೊಂಡ್ಕೊಳ್ಳೋದು ಯಾವಾಗ ಸರಿ? ಸೀಟು ಕಣ್ಣೆದುರಿಗೆ ಇದೆ, ಕೊರತೆ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ, ಕೊಂಡ ಖರ್ಚು ಸೇರಿಸಿದ್ರೂ ದುಡ್ಡಿನ ಟಿಕೆಟ್‌ಗಿಂತ ಕಮ್ಮಿ, ಆಗ ಸರಿ. ಮುಂದೆ ಯಾವಾಗ್ಲಾದ್ರೂ ಬೇಕಾಗತ್ತೆ ಅಂತ ಕೊಂಡಿಡ್ಬೇಡಿ, ಕರಗೋ ವಸ್ತುನ ದುಡ್ಡು ಕೊಟ್ಟು ಕೂಡಿಡೋದು ಸರಿಯಲ್ಲ.

ಏನಕ್ಕೂ ಸಾಲದಷ್ಟು ಉಳಿದ್ರೆ ದಾನ ಮಾಡ್ಬೋದು. ಕಾಯಿಲೆಯಿಂದ ನರಳ್ತಿರೋ ಮಕ್ಕಳ ಆಸೆ ಪೂರೈಸೋ ಮೇಕ್ ಎ ವಿಶ್ ಸಂಸ್ಥೆ ಅಮೆರಿಕದ ಹಲವು ಏರ್‌ಲೈನ್‌ಗಳ ಮೈಲ್ಸ್ ತಗೊಳತ್ತೆ, ಮೈಲ್ಸ್‌ಫೋರ್‌ಮೈಗ್ರೆಂಟ್ಸ್ ಅನ್ನೋ ಸಂಸ್ಥೆ ನಿರಾಶ್ರಿತರನ್ನ ಅವರ ಮನೆಯವರ ಹತ್ರ ಸೇರ್ಸೋಕೆ ಬಳಸತ್ತೆ. ನಿಮಗೆ 900 ಚಿಲ್ಲರೆ, ಅಂಥ ಹತ್ತಾರು ಜನರದ್ದು ಸೇರಿದ್ರೆ ಯಾರೋ ಒಬ್ಬ ಮಗು ತಾಯಿ ಹತ್ರ ಹೋಗತ್ತೆ. ನನಗೆ ಈ ದಾರಿ ಕ್ಯಾಟಲಾಗಿನ ಮಿಕ್ಸಿಗಿಂತ ತುಂಬಾ ಇಷ್ಟ. ಆದ್ರೆ ಮೈಲ್ಸ್ ಕೊಂಡ್ಕೋತೀವಿ ಅಂತ ಬರೋ ದಲ್ಲಾಳಿಗಳಿಗೆ ಮಾತ್ರ ಮಾರ್ಬೇಡಿ, ಹೆಚ್ಚುಕಮ್ಮಿ ಎಲ್ಲಾ ಏರ್‌ಲೈನ್‌ಗಳ ನಿಯಮದಲ್ಲೂ ಅದು ನಿಷಿದ್ಧ, ಸಿಕ್ಕಿಬಿದ್ರೆ ಅಕೌಂಟೇ ಮುಚ್ಚಿ ಟಿಕೆಟ್ ರದ್ದು ಮಾಡ್ತಾರೆ, ಮೇಲಾಗಿ ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲದವರ ಕೈಗೆ ಕೊಟ್ಟಂಗೆ.

ಪಾಸ್‌ವರ್ಡ್ ಅಂದ ಮೇಲೆ ಆ ಹಳೇ ಆಫೀಸ್ ಮೇಲ್ ವಿಷಯ. ಭಾವನ ಅಕೌಂಟ್ ಅವ್ರು ಬಿಟ್ಟ ಕಂಪನಿಯ ಮೇಲ್ ಐಡಿಯಲ್ಲಿತ್ತು. ಪಾಸ್‌ವರ್ಡ್ ಮರೆತಿದೆ, ಬದಲಾಯಿಸೋ ಲಿಂಕ್ ಹೋಗೋದು ಆ ಹಳೇ ಮೇಲಿಗೆ, ಅದು ಇವರ ಕೈಲಿಲ್ಲ. ಪಾಸ್‌ಪೋರ್ಟ್ ಪ್ರತಿ, ಹಳೇ ಟಿಕೆಟ್ ನಂಬರ್ ಎಲ್ಲಾ ಕಳಿಸಿ, ಮೂರು ವಾರ ಅಲೆದು ಬಿಡಿಸ್ಕೊಂಡ್ವಿ. ಕೆಲಸ ಬಿಡೋ ಮುಂಚೆ ಇಂಥ ಅಕೌಂಟ್‌ಗಳನ್ನೆಲ್ಲಾ ಸ್ವಂತ ಮೇಲ್ ಮತ್ತೆ ಫೋನ್ ನಂಬರಿಗೆ ಬದಲಾಯಿಸ್ಕೊಳಿ, ಎರಡು ಹಂತದ ಲಾಗಿನ್ ಇದ್ರೆ ಹಾಕಿ. ಯಾರೂ ತೆಗೆದು ನೋಡದ ಅಕೌಂಟಿಂದ ಮೈಲ್ಸ್ ಕದಿಯೋದು ಕಳ್ಳರಿಗೆ ಸುಲಭ, ಯಾಕಂದ್ರೆ ಹೋಗಿದ್ದು ಗೊತ್ತಾಗೋದೇ ವರ್ಷ ಆದ್ಮೇಲೆ.

ಕೊನೇದಾಗಿ, ಬುಕ್ ಆದ ಮೇಲೆ ಲ್ಯಾಪ್‌ಟಾಪ್ ಮುಚ್ಚೋ ಮುಂಚೆ ಟಿಕೆಟ್ ನಿಜವಾಗ್ಲೂ ಆಯ್ತಾ ಅಂತ ನೋಡಿ. ಆರು ಅಕ್ಷರದ ಪಿಎನ್ಆರ್ ಬಂದ್ರೆ ಸೀಟು ಹಿಡಿದಿಟ್ಟಿದಾರೆ ಅಂತಷ್ಟೇ, ಟಿಕೆಟ್ ಆಗಿದೆ ಅನ್ನೋಕೆ 13 ಅಂಕಿಯ ಇ-ಟಿಕೆಟ್ ನಂಬರ್ ಬರ್ಬೇಕು, ಅದರ ಮೊದಲ ಮೂರಂಕಿ ಏರ್‌ಲೈನಿನ ಗುರುತು. ಪಾರ್ಟ್‌ನರ್ ಫ್ಲೈಟ್‌ಗಳಲ್ಲಿ ಪಿಎನ್ಆರ್ ಬಂದು ಟಿಕೆಟ್ ಆಗದೇ ನಿಂತಿರೋದು ಆಗಾಗ ನಡೆಯತ್ತೆ, ನಿಲ್ದಾಣದಲ್ಲಿ ಹೋಗಿ ನಿಂತಾಗ್ಲೇ ಗೊತ್ತಾಗೋದು. ಅಕ್ಕನ 11,340ರಲ್ಲಿ ಅವಳ ಮಗನಿಗೆ ಕಾಲೇಜಿಂದ ರಜೆಗೆ ಬರೋಕೆ ಒಂದು ಒನ್‌ವೇ ಮಾಡಿದ್ವಿ, 9,500 ಹೋಯ್ತು, ಪಿಎನ್ಆರ್ ತಕ್ಷಣ ಬಂತು, ನಂಬರ್ ಬರ್ಲಿಲ್ಲ. "ಬಂತಲ್ಲೋ ಮೆಸೇಜು, ಸಾಕು ಬಿಡೋ" ಅಂದ್ಲು ಅಕ್ಕ. ನಾನು ಬಿಡ್ಲಿಲ್ಲ, ಫೋನ್ ಮಾಡಿ ಇಪ್ಪತ್ತೈದು ನಿಮಿಷ ಕಾದೆ, ಕಾರ್ಡಿನ ತೆರಿಗೆ ಪಾವತಿ ಅರ್ಧಕ್ಕೆ ನಿಂತಿತ್ತಂತೆ, ಇನ್ನೊಂದು ಕಾರ್ಡ್ ಕೊಟ್ವಿ, ಹತ್ತು ನಿಮಿಷಕ್ಕೆ ಮೇಲ್ ಬಂತು, ಅಕ್ಕ ಆ ಹದಿಮೂರೂ ಅಂಕಿಯನ್ನ ಬೆರಳಿಟ್ಟು ಒಂದೊಂದಾಗಿ ಎಣಿಸಿದ್ಲು.